ಹಾಡಿನ ಅಡಿಯ ಮಾತು

ಹುಣಸೂರಿನಲ್ಲಿ ನಮ್ಮ ಅಂಗಡಿಯ ಬೋರ್ಡಿನ ಮೇಲೆ ನನ್ನ ಹೆಸರಿದೆ, ಕ್ಯಾಮರಾ ಹೆಗಲ ಮೇಲಿಟ್ಟುಕೊಂಡ ನನ್ನ ಫೋಟೋ ಇದೆ. ಕೆಲಸ ಮಾಡುವವಳು ಮಾತ್ರ ಒಳಗಿನ ಕೋಣೆಯಲ್ಲಿ ಕೂತಿರುತ್ತಾಳೆ. ಅವಳು ನನ್ನ ಹೆಂಡತಿ ಪ್ರಮೀಳಾ. ಕೆ.ಆರ್. ನಗರದಿಂದ ಮದುವೆಯಾಗಿ ಬಂದಾಗ ಅವಳಿಗೆ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕುವುದಷ್ಟೇ ಗೊತ್ತಿತ್ತು. ಎಲ್ಲವನ್ನೂ ನಾನೇ ಕಲಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ನಿಜ ಹೇಳಬೇಕೆಂದರೆ ನನಗೆ ಶೂಟಿಂಗ್ ಬಿಟ್ಟು ಬೇರೇನೂ ಬರುವುದಿಲ್ಲ, ಅದೂ ಅಷ್ಟಕ್ಕಷ್ಟೆ.

ಮದುವೆ ವಿಡಿಯೋ ಅಂದರೆ ಆಗ ಇಷ್ಟೇ. ನಾನು ಚಪ್ಪರದಲ್ಲಿ ನಿಂತು ಶೂಟ್ ಮಾಡಿ ತರುವುದು, ಅವಳು ಅದರಲ್ಲಿದ್ದ ಮಾತು, ಗಲಾಟೆ, ಮಕ್ಕಳ ಅಳು ಎಲ್ಲವನ್ನೂ ಅಳಿಸಿ ಉದ್ದಕ್ಕೂ ಸಿನಿಮಾ ಹಾಡು ಹಾಕುವುದು. ಅನುಕೂಲಸ್ಥರಿಗೆ ಬೇರೆ ಕ್ಯಾಸೆಟ್ಟಿಗೆ ಎಡಿಟ್ ಮಾಡಿ ಕೊಡುತ್ತಿದ್ದೆವು. ಹಳ್ಳಿಯ ಸಣ್ಣ ಮದುವೆಗೆ ಆ ರಗಳೆ ಇಲ್ಲ. ಕ್ಯಾಮರಾದಿಂದ ತೆಗೆದ ಕ್ಯಾಸೆಟ್ಟಿನ ಮೇಲೆಯೇ ಹಾಡು ಹಾಕಿ ಕೈಗಿಡುತ್ತಿದ್ದೆವು. ಮಾತು ಯಾರಿಗೆ ಬೇಕಿತ್ತು? ಬಾಯಿ ಆಡುತ್ತಿದ್ದರೆ ಹಾಡು ಚೆನ್ನಾಗಿ ಕೂರುತ್ತದೆ ಎಂದು, ಮಂಕಾಗಿ ನಿಂತವರಿಗೆಲ್ಲ “ಏನಾದ್ರೂ ಮಾತಾಡ್ರಪ್ಪಾ” ಎಂದು ನಾನೇ ಗದರಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಜನ ಸಿಡಿ ಕೇಳತೊಡಗಿದರು. ಪ್ರಮೀಳಾ ಮೈಸೂರಿಗೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತಳು. ಹಳೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು, ಅದನ್ನು ಸಿಡಿ ಮಾಡುವುದು, ಬೇಕಾದರೆ ಚಿತ್ರ ಬಿಟ್ಟು ಧ್ವನಿಯನ್ನಷ್ಟೇ ಬೇರೆ ತೆಗೆಯುವುದು ಎಲ್ಲ ಅವಳ ಕೈಗೆ ಬಂತು. ನಾನು ಗಲ್ಲಾದ ಹಿಂದೆ ಕೂತು ಪೇಪರ್ ಓದುತ್ತಿದ್ದೆ.

ಎರಡು ಸಾವಿರದ ಮೂರನೇ ಇಸವಿಯ ಸೆಪ್ಟೆಂಬರ್, ಶುಕ್ರವಾರ ಮಧ್ಯಾಹ್ನ. ಸುಧಾ ಎಂಬ ಹೆಂಗಸು ಅಂಗಡಿಗೆ ಬಂದಳು. ಬೆರಳುಗಳಿಗೆಲ್ಲ ಹೊಗೆಸೊಪ್ಪಿನ ಅಂಟು ಹತ್ತಿ ಕಪ್ಪಾಗಿತ್ತು. ಸೆರಗಿನಲ್ಲಿ ಸುತ್ತಿಕೊಂಡಿದ್ದ ವಿಡಿಯೋ ಕ್ಯಾಸೆಟ್ ತೆಗೆದು ನನ್ನನ್ನು ದಾಟಿ ಪ್ರಮೀಳಾಳ ಕೈಗೆ ಕೊಟ್ಟಳು.

“ಅಕ್ಕ, ಇದು ನನ್ ಮದ್ವೆ ಕ್ಯಾಸೆಟ್ಟು. ನೀವೇ ತೆಗ್ದಿದ್ದು. ಇದ್ರಾಗೆ ನಮ್ ದೊಡ್ಡಪ್ಪ ಮಾತಾಡಿರೋದು ಬೇಕು. ಆ ಮಾತು ಮಾತ್ರ.”

ಅವಳ ಕಥೆ ಹೀಗಿತ್ತು. ಬಿಳಿಕೆರೆಯಿಂದ ಒಳಗೆ ಮೂರು ಮೈಲಿ ಅವಳ ತವರೂರು. ಮೂರು ವರ್ಷದವಳಿದ್ದಾಗ ಅಪ್ಪ ಚಿಕ್ಕಣ್ಣ ತೀರಿಕೊಂಡ, ಆಮೇಲೆ ತಾಯಿಯೂ ಹೋದಳು. ದೊಡ್ಡಪ್ಪ ಕರಿಯಪ್ಪ ಸಾಕಿ, ತೊಂಬತ್ತಾರರಲ್ಲಿ ತನ್ನ ಅಂಗಳದಲ್ಲೇ ಚಪ್ಪರ ಹಾಕಿ ಪಿರಿಯಾಪಟ್ಟಣದ ಕಡೆಗೆ ಮದುವೆ ಮಾಡಿಕೊಟ್ಟ. ಧಾರೆಯ ಹೊತ್ತಿನಲ್ಲಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಹಿಂದಿನ ಒಂದೆಕರೆ ಮಗಳ ಅರಿಶಿನ ಕುಂಕುಮಕ್ಕೆ ಎಂದು ಬಾಯಿಬಿಟ್ಟು ಹೇಳಿದ. ನಮ್ಮ ಕಡೆ ಹೆಣ್ಣುಮಗಳಿಗೆ ಹಾಗೆ ಹೊಲ ಬಿಟ್ಟುಕೊಡುವುದುಂಟು. ಕಾಗದ ಪತ್ರ ಆಮೇಲೆ ನೋಡೋಣ ಎನ್ನುತ್ತಾರೆ, ಆ ‘ಆಮೇಲೆ’ ಬರುವುದೇ ಇಲ್ಲ. ಈಗ ಸುಧಾಳ ಗಂಡ ಸೊಪ್ಪು ಬೇಯಿಸುವ ಬ್ಯಾರನ್ನಿನ ಮೇಲಿನ ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಇವಳು ಕೂಲಿಗೆ ಸೊಪ್ಪು ಕಟ್ಟುತ್ತಿದ್ದಳು. ಹೊಲ ಬಿಟ್ಟುಕೊಡಿ, ನಾನೇ ಗೇಯ್ದು ಉಣ್ಣುತ್ತೇನೆ ಎಂದು ಕೇಳಿದರೆ, ನಾನೆಲ್ಲಿ ಹಾಗಂದಿದ್ದೆ ಎಂದುಬಿಟ್ಟಿದ್ದ ಕರಿಯಪ್ಪ. ಸೋಮವಾರ ಅದನ್ನು ಮೈಸೂರಿನ ಯಾರಿಗೋ ರಿಜಿಸ್ಟ್ರಿ ಮಾಡಿಕೊಡುವವನಿದ್ದ. ಭಾನುವಾರ ಊರ ಪಂಚಾಯ್ತಿ.

“ಕೇಳ್ದೋರು ಯಾರೂ ಇಲ್ವಾ?” ಎಂದೆ.

“ಧಾರೆ ಮಾಡ್ಸಿದ್ ಅಯ್ನೋರು ಸತ್ತೋದ್ರು. ಉಳಿದೋರು ದೊಡ್ಡಪ್ಪನ ಮಾತು ಮೀರೋರಲ್ಲ. ಪಂಚಾಯ್ತಿ ಮಾಡೋ ಮರಿಯಯ್ಯನೋರೂ ಅಲ್ಲೇ ನಿಂತಿದ್ರು. ಕೇಳುದ್ರೆ, ವಯಸ್ಸಾಯ್ತು ಕಣವ್ವ ನೆಪ್ಪಿಲ್ಲ ಅಂತಾರೆ. ದೊಡ್ಡಪ್ಪಾನೇ ಯೋಳ್ತು, ವಿಡಿಯೋ ಅದ್ಯಲ್ಲ, ಅದ್ರಾಗೆ ನಾನ್ ಅಂದಿದ್ರೆ ಹೊಲ ಬುಡ್ತೀನಿ ಅಂತ.”

ಕರಿಯಪ್ಪ ಧೈರ್ಯವಾಗಿ ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಆ ಕ್ಯಾಸೆಟ್ಟನ್ನು ಅವನೂ ಹತ್ತು ಸಲ ನೋಡಿದ್ದ. ಅವನ ಬಾಯಿ ಆಡುತ್ತದೆ, ಕೇಳಿಸುವುದು ಸಿನಿಮಾ ಹಾಡು.

“ಅಳಿಸಿಹೋಗಿದೆ ಕಣಮ್ಮ, ಏನೂ ಮಾಡಕ್ಕಾಗಲ್ಲ” ಎಂದು ನಾನು ಒಂದೇ ಮಾತಿಗೆ ಮುಗಿಸಿದೆ. ಸುಧಾ ಅಳಲಿಲ್ಲ. ಕ್ಯಾಸೆಟ್ಟಿಗೆ ಮತ್ತೆ ಕೈ ಚಾಚಿದಳು. ಪ್ರಮೀಳಾ ಕೊಡಲಿಲ್ಲ.

“ರೀ, ಆ ಮದುವೆಗೆ ಯಾವ ಕ್ಯಾಮರಾ ತಗೊಂಡು ಹೋಗಿದ್ರಿ?”

“ಆ ಗಲ್ಫ್ ಕ್ಯಾಮರಾ.” ಕೊಡಗಿನ ಕುಟ್ಟದ ಕಡೆಯ ಮಲಯಾಳಿಯೊಬ್ಬ ಗಲ್ಫಿನಿಂದ ತಂದದ್ದನ್ನು ನಾನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ.

“ಹಾಗಾದ್ರೆ ಇದೆ” ಎಂದಳು. “ಒಂದು ಸಲ ಹಾಡು ಹಾಕಿದ ಕ್ಯಾಸೆಟ್ಟನ್ನ ಅದೇ ಕ್ಯಾಮರಾಕ್ಕೆ ಹಾಕಿ ಹೆಡ್‌ಫೋನಿನಲ್ಲಿ ಕೇಳಿದ್ದೆ. ಹಾಡಿನ ಅಡಿಯಲ್ಲಿ ಜನ ಮಾತಾಡ್ತಿದ್ರು. ನಿಮಗೆ ಹೇಳಿದ್ದಕ್ಕೆ, ನಿನ್ನ ಕಿವಿಗೆ ದೆವ್ವ ಹೊಕ್ಕಿದೆ ಅಂದ್ರಿ.”

ಅಂದಿದ್ದೆ, ನೆನಪಿದೆ. ಅವಳು ಸುಮ್ಮನಾಗಿದ್ದಳೇ ಹೊರತು ಮರೆತಿರಲಿಲ್ಲ. ಮೈಸೂರಿನಲ್ಲಿ ಕಲಿಸುವವರನ್ನು ಕೇಳಿ ತಿಳಿದುಕೊಂಡಿದ್ದಳು. ಸಾಮಾನ್ಯ ಕ್ಯಾಮರಾ ಧ್ವನಿಯನ್ನು ಟೇಪಿನ ಅಂಚಿನಲ್ಲಿ ಮಾತ್ರ ಹಾಕುತ್ತದೆ, ನಾವು ಅಳಿಸಿ ಹಾಡು ತುಂಬುವುದು ಅಲ್ಲಿಗೆ. ಆ ಕ್ಯಾಮರಾ ಅದೇ ಧ್ವನಿಯನ್ನು ಚಿತ್ರದ ಜೊತೆಗೂ ಇನ್ನೊಂದು ಸಲ ಬೆರೆಸಿ ಇಡುತ್ತಿತ್ತು. ಚಿತ್ರ ಇರುವವರೆಗೆ ಆ ಮಾತನ್ನು ಅಳಿಸಲಾಗುವುದಿಲ್ಲ. ಮನೆಗಳಲ್ಲಿರುವ ಬಡ ವಿಸಿಆರ್‌ಗಳಿಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೆ.

ಕ್ಯಾಮರಾ ಎಲ್ಲಿ? ಸರಗೂರಿನ ಕುಳ್ಳಯ್ಯನಿಗೆ ಎರಡು ವರ್ಷದ ಹಿಂದೆಯೇ ನಾನು ಮಾರಿಬಿಟ್ಟಿದ್ದೆ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಎಚ್.ಡಿ. ಕೋಟೆಗೆ ಹೋಗಿ, ಅಲ್ಲಿಂದ ಸರಗೂರಿಗೆ ಹೋದೆ. ಕುಳ್ಳಯ್ಯ ಸ್ಟುಡಿಯೋ ಬಾಗಿಲು ತೆಗೆಯುವುದಕ್ಕೆ ಮೊದಲೇ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಕ್ಯಾಮರಾ ಗಾಜಿನ ಬೀರುವಿನಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕ ಶೋಕಿಗೆ ಕೂತಿತ್ತು.

“ತಕಂಡೋಗು, ಬ್ಯಾಡ ಅನ್ನಕಿಲ್ಲ” ಎಂದ ಕುಳ್ಳಯ್ಯ. “ಆದ್ರೆ ಅದು ಕ್ಯಾಸೆಟ್ ತಿಂತದೆ ಕಣ್ಲಾ ಶಿವ. ಒಂದ್ಸಲ ಓಡುದ್ರೆ ನಿನ್ ಪುಣ್ಯ.”

ದಾರಿಯುದ್ದಕ್ಕೂ ಕ್ಯಾಮರಾವನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಗುಂಡಿಗೂ ಡ್ರೈವರನ್ನು ಬೈದುಕೊಂಡು ಬಂದೆ. ಹುಣಸೂರು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಮೂರಕ್ಕೆ ಕರೆಂಟು ಹೋಗುವ ದಿನ. ಪ್ರಮೀಳಾ ಕ್ಯಾಮರಾದ ಒಳಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ವೈರನ್ನು ಕಂಪ್ಯೂಟರಿಗೆ ಚುಚ್ಚಿ, ಕ್ಯಾಮರಾದ ಮಗ್ಗುಲಲ್ಲಿದ್ದ ಒಂದು ಸಣ್ಣ ಸ್ವಿಚ್ಚನ್ನು ಉಗುರಿನಿಂದ ಒಂದು ಮನೆ ಆಚೆಗೆ ತಳ್ಳಿದಳು. ಎಂಟು ವರ್ಷ ಆ ಕ್ಯಾಮರಾ ಹೊತ್ತ ನಾನು ಆ ಸ್ವಿಚ್ಚು ಯಾತಕ್ಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಕ್ಯಾಸೆಟ್ ಒಳಗೆ ಹೋಯಿತು. ಗೊರಗೊರ ಸದ್ದು. ಕಂಪ್ಯೂಟರಿನ ಪರದೆ ಮೇಲೆ ಬಿಳಿ ಗೆರೆಗಳು ಎದ್ದು, ನಡುವೆ ಚಪ್ಪರ, ಬಾಳೆಕಂಬ, ಅರಿಶಿನದ ಮುಖದ ಸುಧಾ. ಮೊದಲು ಧ್ವನಿಯಿಲ್ಲ. ಆಮೇಲೆ ಪಟಪಟ ಎಂದು ಏನೋ ಒಡೆದಂತಾಗಿ, ಇದ್ದಕ್ಕಿದ್ದಂತೆ ವಾಲಗ ಕೇಳಿಸಿತು. ಏಳು ವರ್ಷದ ಹಿಂದಿನ ವಾಲಗ! ಪಾತ್ರೆ ಸದ್ದು, ಯಾರೋ ಉಪ್ಪು ಕೇಳುತ್ತಿರುವುದು, ಎಲ್ಲ ಇತ್ತು. ಹಾಡು ಒಂದು ಚೂರೂ ಇರಲಿಲ್ಲ. ನಾನು ಪ್ರಮೀಳಾಳ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ.

ಧಾರೆ ಬಂತು. ಅಲ್ಲಿ ಮೊದಲು ಕೇಳಿಸಿದ್ದು ಕರಿಯಪ್ಪನ ಧ್ವನಿಯಲ್ಲ, ನನ್ನದು.

“ಗೌಡ್ರೇ, ಹಿಂಗೆ ಬೊಂಬೆ ಥರ ನಿಂತ್ರೆ ಚೆನ್ನಾಗಿರಲ್ಲ. ಏನಾದ್ರೂ ಮಾತಾಡಿ. ಮಗಳಿಗೆ ಏನ್ ಕೊಡ್ತೀರಿ ಅಂತ ಹೇಳಿ. ಕೈ ಎತ್ತಿ ಹೇಳಿ. ಏನ್ ಹೇಳುದ್ರೂ ನಡೀತದೆ, ಹೇಗೂ ಮೇಲೆ ಹಾಡು ಹಾಕ್ತೀವಿ.”

ಕರಿಯಪ್ಪ ನಕ್ಕ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ, “ಬ್ಯಾರನ್ ಇಂದ್ಲ ಒಂದೆಕ್ರೆ ನಮ್ ಸುಧನ ಅರಿಸ್ನ ಕುಂಕ್ಮಕ್ಕೆ ಬುಟ್ಟಿವ್ನಿ. ಎಲ್ಲಾರೂ ಕೇಳುಸ್ಕಳಿ” ಎಂದ.

ಏನು ಹೇಳಿದರೂ ನಡೆಯುತ್ತದೆ ಎಂದು ಅಂದವನು ನಾನು. ಇದನ್ನು ಪಂಚಾಯ್ತಿಯಲ್ಲಿ ಹಾಕಿದರೆ ಕರಿಯಪ್ಪ, ವಿಡಿಯೋದವನು ಹೇಳಿಸಿದ, ನಾಟಕ ಆಡಿದೆ ಎನ್ನುತ್ತಾನೆ, ಕಥೆ ಮುಗಿಯುತ್ತದೆ. ಒಬ್ಬ ಹೆಂಗಸಿನ ಅನ್ನಕ್ಕೆ ನನ್ನ ಉದ್ದ ನಾಲಿಗೆ ಮಣ್ಣು ಹಾಕಿತ್ತು. ಆ ಸಿಟ್ಟನ್ನು ಯಾರ ಮೇಲೆ ತೋರಿಸಬೇಕೋ ತಿಳಿಯದೆ ಕುರ್ಚಿ ಒದ್ದು ಹೊರಗೆ ಬಂದೆ. ಪ್ರಮೀಳಾ ತಿರುಗಿ ನೋಡಲಿಲ್ಲ, ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕೂತೇ ಇದ್ದಳು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ ನಾನು ಮಾಡಬಾರದ್ದನ್ನು ಮಾಡಿದೆ. “ಅಳಿಸಿದ ಮಾತನ್ನೇ ವಾಪಸ್ ತೆಗೆದಿದ್ದೀವಿ ಕಣ್ರೋ” ಎಂದು ಪರಿಚಯದವರ ಹತ್ತಿರ ಕೊಚ್ಚಿಕೊಂಡೆ. ಸಂಕಟವಾದಾಗಲೂ ಜಂಭ ಬಿಡದ ಜಾತಿ ನಂದು.

ಅಂಗಡಿಗೆ ಹಿಂತಿರುಗಿದಾಗ ಪ್ರಮೀಳಾ ಸ್ಕ್ರೂಡ್ರೈವರ್ ಹಿಡಿದು ಕ್ಯಾಮರಾ ಬಿಚ್ಚುತ್ತಿದ್ದಳು. ಕುಳ್ಳಯ್ಯ ಹೇಳಿದಂತೆಯೇ ಆಗಿತ್ತು. ಟೇಪು ಒಳಗೆ ಸಿಕ್ಕಿ ಶ್ಯಾವಿಗೆಯಾಗಿ, ಧಾರೆಯ ಭಾಗವೇ ಹರಿದುಹೋಗಿತ್ತು. ಕರೆಂಟೂ ಹೋಗಿತ್ತು.

“ಕಂಪ್ಯೂಟರಿನಲ್ಲಿ ಉಳಿಸಿದ್ದೀಯಾ?”

“ಉಳಿಸಿದ್ದೀನಿ. ಇನ್ನು ಇರೋದು ಅದೊಂದೇ.”

ಸಂಜೆ ಐದೂವರೆಗೆ ಕರೆಂಟು ಬಂತು. ಅದರ ಹಿಂದೆಯೇ ಕರಿಯಪ್ಪನೂ ಬಂದ. ಹೋಟೆಲಿನ ಮಾತು ಬಿಳಿಕೆರೆ ಮುಟ್ಟಲು ಒಂದು ಬಸ್ಸು ಸಾಕಾಗಿತ್ತು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಎತ್ತರದ ಆಳು. ನನ್ನ ಫೋಟೋ ಇದ್ದ ಬೋರ್ಡನ್ನು ಹೊರಗೇ ನಿಂತು ನೋಡಿ, ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

“ಶಿವಶಂಕ್ರಪ್ಪ, ಅವತ್ತು ನೀನೇ ಯೋಳ್ಕೊಟ್ಟಿದ್ದು. ನಂಗೆ ನೆಪ್ಪದೆ, ನಿಂಗೂ ಈಗ ನೆಪ್ಪಾಗಿರ್ಬೇಕು. ನಾಳೀಕೆ ಅದ್ನ ಅಂಗೇ ತಂದ್ರೆ, ಇವ್ನೇ ಯೋಳ್ಸಿದ್ದು ಅಂತೀನಿ. ಕತ್ತರ್ಸಿ ತಂದ್ರೆ, ಕತ್ತರ್ಸವ್ರೆ ಅಸಲು ಕ್ಯಾಸೆಟ್ ಆಕಿ ಅಂತೀನಿ. ಎಂಗಾರ ಬಾ, ಬ್ಯಾಡ ಅನ್ನಕಿಲ್ಲ.”

ಬೆದರಿಸಿದ ಹಾಗೂ ಇರಲಿಲ್ಲ, ಮಳೆ ಬೆಳೆ ಮಾತಾಡಿದಂತೆ ಹೇಳಿದ. ಎದ್ದು ಹೋಗುವಾಗ ಒಳಗಿನ ಕೋಣೆಯ ಕಡೆ ನೋಡಿ, “ಚೆನ್ನಾಗಿದ್ದೀರೇನವ್ವಾ?” ಎಂದು ಪ್ರಮೀಳಾಳನ್ನು ವಿಚಾರಿಸಿಯೂ ಹೋದ.

ಆಮೇಲೆ ನಮ್ಮಿಬ್ಬರಿಗೂ ಜಗಳವಾಯಿತು. “ನನ್ನ ಮಾತು ಕತ್ತರಿಸಿಬಿಡು” ಎಂದೆ. “ಕ್ಯಾಸೆಟ್ಟು ಹರಿದುಹೋಗಿದೆ, ಅಸಲು ಎಲ್ಲಿಂದ ತರ್ತಾನೆ? ಅವನ ಮಾತು ಮಾತ್ರ ಇರಲಿ. ಅವಳ ಹೊಲ ಉಳೀಲಿ.”

“ಕತ್ತರಿಸಲ್ಲ.”

“ಹದಿನೈದು ವರ್ಷದಿಂದ ಊರವರ ಮಾತೆಲ್ಲ ಅಳಿಸ್ಕೊಂಡೇ ಬಂದಿದ್ದೀಯಲ್ಲೇ! ಇದೊಂದು ಅಳಿಸಕ್ಕೆ ಏನು?”

“ಅದಕ್ಕೇ ಕತ್ತರಿಸಲ್ಲ” ಎಂದಳು. ಅವಳು ಜೋರಾಗಿ ಮಾತಾಡುವವಳಲ್ಲ. ಆವತ್ತು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದಳು. “ಅವಳ ಹೊಲ ಹೋಗಿರೋದೇ ನಾವು ಅಳಿಸಿದ್ದಕ್ಕೆ. ಇದ್ದದ್ದು ಇದ್ದ ಹಾಗೆ ಕೇಳಿಸ್ತೀನಿ. ನೀವು ಸುಮ್ನೆ ಬನ್ನಿ.”

ಅವಳ ಮೊಂಡುತನದಿಂದ ಆ ಹೆಂಗಸು ಮುಳುಗುತ್ತಾಳೆ ಎಂದು ನನಗೆ ಮೈ ಉರಿದುಹೋಯಿತು. ಅವಳು ನನ್ನ ಕೂಗಾಟವನ್ನು ಲೆಕ್ಕಕ್ಕಿಡದೆ, ಕಂಪ್ಯೂಟರಿನಲ್ಲಿದ್ದ ವಿಡಿಯೋದಿಂದ ಧ್ವನಿಯನ್ನು ಬೇರೆ ಮಾಡಿ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿಗೆ ಇಳಿಸಿದಳು. ಚಿತ್ರ ಯಾಕೆ ಬೇಡ ಎಂದು ಕೇಳಿದ್ದಕ್ಕೆ, “ಚಿತ್ರ ಹಾಕಿದ್ರೆ ಎಲ್ಲರೂ ಸೀರೆ ನೋಡ್ತಾರೆ, ಮಾತು ಯಾರೂ ಕೇಳಲ್ಲ” ಎಂದಳು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮರಿಯಯ್ಯನ ಮನೆಯ ಜಗಲಿ ತುಂಬಿತ್ತು. ಅಂಗಳದಲ್ಲಿಯೂ ಜನ. ಸುಧಾ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು, ಅವಳ ಜೊತೆ ಯಾರೂ ಇರಲಿಲ್ಲ. ಮರಿಯಯ್ಯ ಎಪ್ಪತ್ತು ದಾಟಿದ ಮುದುಕ, ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು. ಕರಿಯಪ್ಪ ಅವರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದ. ಪ್ರಮೀಳಾ ಬ್ಯಾಟರಿ ಸೆಲ್ ಹಾಕಿದ ಟೇಪ್ ರೆಕಾರ್ಡರನ್ನು ಜಗಲಿಯ ನಡುವೆ ಇಟ್ಟು ಗುಂಡಿ ಒತ್ತಿದಳು.

ವಾಲಗ ಕೇಳಿಸುತ್ತಲೇ ಜನ ಮುಖ ಮುಖ ನೋಡಿಕೊಂಡರು. ಆಮೇಲೆ ನನ್ನ ಧ್ವನಿ. ಏನ್ ಹೇಳುದ್ರೂ ನಡೀತದೆ, ಹೇಗೂ ಮೇಲೆ ಹಾಡು ಹಾಕ್ತೀವಿ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ನೆಲ ನೋಡುತ್ತಾ ಕೂತೆ. ಆಮೇಲೆ ಕರಿಯಪ್ಪನ ಒಂದೆಕರೆಯ ಮಾತು, ಎಲ್ಲರಿಗೂ ಸ್ಪಷ್ಟವಾಗಿ ಕೇಳುವಂತೆ.

ಕರಿಯಪ್ಪ ಅದಕ್ಕೇ ಕಾದಿದ್ದ. “ಕೇಳುದ್ರಾ? ಆ ವಿಡಿಯೋದವ್ನು ಅನ್ನು ಅಂದ, ಅಂದೆ. ಏನಂದ್ರೂ ನಡೀತದೆ ಅಂತ ಅವ್ನೇ ಅಂದವ್ನೆ. ತಮಾಸೆಗೆ ಅಂದಿದ್ದಕ್ಕೆಲ್ಲ ಹೊಲ ಬುಟ್ಕೊಡಕ್ಕಾಯ್ತದಾ? ನೀವೇ ಯೋಳಿ.”

ಜನರಲ್ಲಿ ಹೌದು ಹೌದು ಎಂಬ ಗುಸುಗುಸು. ಮರಿಯಯ್ಯ ಕುಟ್ಟುತ್ತಲೇ ಏನೋ ಹೇಳಲು ಬಾಯಿ ತೆರೆದರು. ಇನ್ನು ಕೇಳಲಾರೆ ಎನಿಸಿ ನಾನು ಟೇಪು ನಿಲ್ಲಿಸಲು ಕೈ ಚಾಚಿದೆ. ಪ್ರಮೀಳಾ ನನ್ನ ಕೈ ಮೇಲೆ ಪಟ್ಟನೆ ಹೊಡೆದಳು. ಅಷ್ಟು ಜನರ ಎದುರಿಗೆ.

“ಇನ್ನೂ ಇದೆ. ಸ್ವಲ್ಪ ಕೇಳಿ” ಎಂದಳು.

ಟೇಪಿನಲ್ಲಿ ಈಗ ಗದ್ದಲವಷ್ಟೇ. ಆವತ್ತು ನಾನು ಒಂದು ಶಾಟ್ ಮುಗಿಯಿತೆಂದು ಕ್ಯಾಮರಾವನ್ನು ನಿಲ್ಲಿಸದೆ ಪಕ್ಕದ ಬೆಂಚಿನ ಮೇಲಿಟ್ಟು ನೀರು ಕುಡಿಯಲು ಹೋಗಿರಬೇಕು. ಮನೆಯಲ್ಲಿ ಅದನ್ನು ನೋಡುವವರೆಲ್ಲ ಎದುರು ಬೆಂಚಿನ ಕಾಲು ಬಂತೆಂದರೆ ಮುಂದಕ್ಕೆ ಓಡಿಸುತ್ತಿದ್ದರಂತೆ. ಆ ಗದ್ದಲದ ನಡುವಿನಿಂದ ತೀರ ಹತ್ತಿರದಲ್ಲಿ ಒಂದು ಧ್ವನಿ ಕೇಳಿತು. ಊರಿಗೆಲ್ಲ ಗುರುತಿದ್ದ, ಎಲೆ ಅಡಿಕೆ ತುಂಬಿದ ಬಾಯಿಯ ಧ್ವನಿ.

“ಏನ್ಲಾ ಕರಿಯಪ್ಪ, ಹೆಂಗೂ ಆಡು ಆಕ್ತಾರಂತೆ ಅಂತ ದೈರ್ಯವಾಗಿ ಒಂದೆಕ್ರೆ ಕೊಟ್ಬುಟ್ಟೆ?”

ಮರಿಯಯ್ಯನ ಕೈಯಲ್ಲಿದ್ದ ಕುಟ್ಟಾಣಿ ಹಾಗೇ ನಿಂತಿತು.

ಟೇಪಿನೊಳಗಿನ ಕರಿಯಪ್ಪ ಈ ಸಲ ನಗಲಿಲ್ಲ. ದನಿ ತಗ್ಗಿಸಿ ಹೇಳಿದ. “ಅವ್ರು ಏನಾರ ಆಕ್ಕಳ್ಲಿ ಬುಡಣ್ಣ. ಕ್ಯಾಮರಾಕ್ ಯೋಳ್ಲಿಲ್ಲ ನಾನು. ಸಾಯೋವಾಗ ಚಿಕ್ಕಣ್ಣ ನನ್ ಕೈ ಇಡ್ಕಂಡು ಕೇಳ್ದ, ಅಣ್ಣ ನನ್ ಮಗೀಗೆ ಒಂದ್ ತುಂಡು ನೆಲ ಕೊಡು ಅಂತ. ಅವುನ್ಗೆ ಯೋಳಿದ್ದು ಕಣಣ್ಣ ಇವತ್ತು. ನೀನೇ ಸಾಕ್ಸಿ.”

“ಆಯ್ತು ಬುಡು, ನಾನಿವ್ನಿ” ಎಂದಿತು ಮರಿಯಯ್ಯನ ಧ್ವನಿ. ಆಮೇಲೆ ಮತ್ತೆ ವಾಲಗ.

ಮರಿಯಯ್ಯ ಟವಲಿನಿಂದ ಮುಖ ಒರೆಸಿಕೊಂಡವರು ಟವಲನ್ನು ಕೆಳಗಿಳಿಸಲೇ ಇಲ್ಲ. ನಾನು ಹೆಂಡತಿಯ ಮುಖ ನೋಡಿದೆ. ಶನಿವಾರ ನಾನು ಕುರ್ಚಿ ಒದ್ದು ಹೋದಮೇಲೆ ಅವಳೊಬ್ಬಳೇ ಕೇಳಿಸಿಕೊಂಡದ್ದು ಇದನ್ನು. ನನಗೆ ಹೇಳಿದ್ದರೆ ಹೋಟೆಲಿನಲ್ಲಿ ಅದನ್ನೂ ಕೊಚ್ಚಿಕೊಂಡು ಬರುತ್ತಿದ್ದೆ, ಕರಿಯಪ್ಪ ಅದಕ್ಕೂ ಒಂದು ಉತ್ತರ ಹೊಸೆದುಕೊಂಡು ಬರುತ್ತಿದ್ದ. ಅವಳು ನನ್ನನ್ನು ಎಷ್ಟು ಸರಿಯಾಗಿ ತಿಳಿದುಕೊಂಡಿದ್ದಾಳೆ ಎಂದು ನಾಚಿಕೆಯೂ ಆಯಿತು, ಅಷ್ಟೇ ಹೆಮ್ಮೆಯೂ ಆಯಿತು.

ಸುಧಾ ಎದ್ದು ನಿಂತಿದ್ದಳು. ಹೊಲದ ಮಾತು ಎತ್ತುತ್ತಾಳೆ ಎಂದುಕೊಂಡೆವು. ಅವಳು ಕರಿಯಪ್ಪನ ಕುರ್ಚಿಯ ಮುಂದೆ ಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು.

“ದೊಡ್ಡಪ್ಪ, ನಮ್ಮಪ್ಪ ನನ್ ಇಸ್ಯ ಮಾತಾಡಿತ್ತಾ? ನೀನ್ ಒಂದ್ ದಿನಾನೂ ಯೋಳ್ನಿಲ್ವಲ್ಲ. ಇನ್ನೇನ್ ಅಂತು?”

ನನಗೆ, ಜನಕ್ಕೆ, ಪಂಚಾಯ್ತಿಗೆ ಎಲ್ಲಕ್ಕೂ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದ ಕರಿಯಪ್ಪ ಟೇಪ್ ರೆಕಾರ್ಡರಿನ ಕಡೆ ತಿರುಗಿದ. ವಾಲಗ ಇನ್ನೂ ಬಡಿದುಕೊಳ್ಳುತ್ತಿತ್ತು. ಪ್ರಮೀಳಾ ಬಗ್ಗಿ ಟೇಪು ನಿಲ್ಲಿಸಿದಳು.

“ಮೂರ್ ದಿನ ನಿನ್ ಎಸ್ರೇ ಕೂಗ್ತು ಕಣವ್ವ” ಎಂದ ಕರಿಯಪ್ಪ. “ನೀನು ಜ್ವರ ಬಂದು ಒಳ್ಗೆ ಮಲ್ಗಿದ್ದೆ. ಎತ್ಕಂಡೋಗಿ ತೋರುಸ್ನಿಲ್ಲ ನಾನು, ಜ್ವರದ್ ಮ್ಯಾಲೆ ಅವುನ್ ಕಾಯ್ಲೇನೂ ನಿಂಗ್ ಅಂಟ್ಕಂಡಾತು ಅಂತ. ಅದ್ಕೇ ಯೋಳಕ್ಕೆ ಬಾಯಿ ಬರ್ನಿಲ್ಲ.”

ಸುಧಾ ಅವನ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಅವನು ಅವಳ ತಲೆ ಮೇಲೆ ಕೈ ಇಡಲು ಹೋಗಿ, ಇಡಲಾರದೆ, ಕುರ್ಚಿಯ ಹಿಡಿಯನ್ನೇ ಹಿಡಿದುಕೊಂಡ. ಯಾರ ಮುಖವನ್ನೂ ನೋಡದೆ ಹೇಳಿದ.

“ನಾಳೀಕೆ ಅನ್ನೊಂದ್ ಗಂಟ್ಗೆ ಹುಣಸೂರು ರಿಜಿಸ್ಟರ್ ಆಪೀಸ್ ತಾವ ಬಾ ಮಗ. ಎರಡು ಪೋಟ ತಕಂಡು ಬಾ. ಆ ಮೈಸೂರ್ನೋರಿಗೆ ನಾನ್ ಯೋಳ್ಕತೀನಿ.”